ಟಾರು ಜೊತೆಗೆ ಮಣ್ಣು ರೋಡೂ ಇರೋ ಸೈಕಲ್ ರೇಸಿಗೆ ಯಾವ ಟೈರು ಹಾಕ್ಬೇಕು

ಮಣ್ಣು ರೋಡು ಇರೋ ರೇಸು ಅಂದ ತಕ್ಷಣ ಮುಕ್ಕಾಲು ಪಾಲು ಜನ ಮೊದಲು ನೋಡೋದು ಟೈರಿನ ಮೇಲಿರೋ ಬಟನ್ನು, ಅಂದ್ರೆ ರಬ್ಬರಿನ ಉಬ್ಬು, ಎಷ್ಟು ಎತ್ತರ ಇದೆ, ಯಾವ ಡಿಸೈನು ಅಂತ. ಆಮೇಲೆ ತೂಕ, ಆಮೇಲೆ ಅಗಲ, ಗಾಳಿ ಎಷ್ಟು ಹೊಡಿಬೇಕು ಅನ್ನೋದಂತೂ ರೇಸಿನ ದಿನ ಬೆಳಿಗ್ಗೆ ಪಕ್ಕದಲ್ಲಿ ಪಂಪ್ ಹಿಡ್ಕೊಂಡು ನಿಂತಿರೋರನ್ನ ಕೇಳಿ ಆಗೋ ಕೆಲಸ. ನನ್ನ ಪ್ರಕಾರ ಈ ಸಾಲನ್ನ ಪೂರ್ತಿ ಉಲ್ಟಾ ಮಾಡ್ಬೇಕು. ಮೊದಲು ಅಗಲ, ಅದರ ಜೊತೆಜೊತೆಗೇ ಗಾಳಿ, ಆಮೇಲೆ ಟೈರಿನ ಮೈ ಅಂದ್ರೆ ರಬ್ಬರಿನ ಕೆಳಗಿರೋ ಎಳೆಗಳ ಪದರ, ಕೇಸಿಂಗು, ಬಟನ್ನು ಕಟ್ಟಕಡೆಗೆ.

ಇದನ್ನ ನಾನು ಕಲ್ತಿದ್ದು ಒಂದು ಇಳಿಜಾರಲ್ಲಿ. ಮೊದಲ ಸಲ ಇಂಥ ರೇಸಿಗೆ ಇಳಿದಾಗ ಹಾಕಿದ್ದು 25 ಎಂಎಂ ಟೈರು, ಒಳಗೆ ಮಾಮೂಲಿ ಬ್ಯುಟೈಲ್ ರಬ್ಬರಿನ ಟ್ಯೂಬು, ಗಾಳಿ 90 ಪಿಎಸ್‌ಐ, ಅಂದ್ರೆ ಒಂದು ಚದರ ಇಂಚಿಗೆ 90 ಪೌಂಡ್ ಒತ್ತಡ. ಟಾರ್ ಮೇಲೆ ಎಷ್ಟು ಚೆನ್ನಾಗಿತ್ತು ಅಂದ್ರೆ ಗುಂಪಿನ ಮುಂದೆಯೇ ಇದ್ದೆ, ಮಣ್ಣು ಶುರುವಾಗಿ ಎರಡು ನಿಮಿಷಕ್ಕೆ ಕೈ ಬೆರಳು ಜೋಮು ಹಿಡಿಯಕ್ಕೆ ಶುರುವಾಯ್ತು, ಸೈಕಲ್ಲು ಕಲ್ಲಿಂದ ಕಲ್ಲಿಗೆ ನೆಗೀತಾ ಇತ್ತೇ ಹೊರತು ಉರುಳ್ತಾ ಇರ್ಲಿಲ್ಲ, ಇಳಿಜಾರಲ್ಲಿ ಮುಷ್ಟಿಯಷ್ಟು ದಪ್ಪದ ಕಲ್ಲೊಂದರ ಅಂಚಿಗೆ ಹಿಂದಿನ ಚಕ್ರ ಬಡೀತು, ಟಣ್ ಅಂತ ರಿಮ್ಮಿನ ಸದ್ದು, ಹಿಂದೇನೇ ಉಸ್ಸ್ ಅಂತ ಗಾಳಿ. ಪಕ್ಕಕ್ಕೆ ನಿಂತು ಟ್ಯೂಬು ತೆಗೆದು ನೋಡಿದ್ರೆ ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ಸಣ್ಣ ಸೀಳು. ಅಂಥ ಜೋಡಿ ತೂತು ಕಂಡ್ರೆ ಅದು ಮುಳ್ಳು ಅಲ್ಲ, ಕಲ್ಲಿಗೂ ರಿಮ್ಮಿಗೂ ಮಧ್ಯ ಟ್ಯೂಬು ಸಿಕ್ಕಿ ಜಜ್ಜಿ ಹೋಗಿದೆ ಅಂತ ಅರ್ಥ. ಅದಕ್ಕೆ ಬಟನ್ ಇರೋ ಟೈರು ಹಾಕಿದ್ರೂ ಏನೂ ಉಪಯೋಗ ಆಗ್ತಿರ್ಲಿಲ್ಲ, ಬೇಕಾಗಿದ್ದು ರಿಮ್ಮಿಗೂ ನೆಲಕ್ಕೂ ಮಧ್ಯ ಇನ್ನೊಂದಿಷ್ಟು ಗಾಳಿ ತುಂಬಿದ ಜಾಗ.

ಹಾಗಾಗಿ ಟೈರು ನೋಡೋಕ್ಕಿಂತ ಮುಂಚೆ ರೋಡು ನೋಡಿ. "ಇಷ್ಟು ಕಿಲೋಮೀಟರ್ ಮಣ್ಣು ಇದೆ" ಅನ್ನೋ ಲೆಕ್ಕ ಒಂದರಿಂದ ಏನೂ ಗೊತ್ತಾಗಲ್ಲ, ಎಂಥ ಮಣ್ಣು ಅನ್ನೋದು ಮುಖ್ಯ. ಇಟಲಿಯ ಟಸ್ಕನಿಯಲ್ಲಿ 2007ರಿಂದ ನಡೀತಾ ಇರೋ ಸ್ಟ್ರಾಡೆ ಬಿಯಾಂಕೆ ರೇಸ್ ನೋಡಿ, 2023ರಲ್ಲಿ ಗಂಡಸರ ರೇಸು 184 ಕಿ.ಮೀ., ಅದರಲ್ಲಿ 63 ಕಿ.ಮೀ. ಬಿಳಿ ಮಣ್ಣಿನ ರೋಡು, ಅಂದ್ರೆ ಮೂರನೇ ಒಂದು ಭಾಗ. ಅಷ್ಟಿದ್ರೂ ಅಲ್ಲಿ ಓಡಿಸೋರು ಬಟನ್ ಟೈರು ಹಾಕಲ್ಲ, ರೋಡ್ ಟೈರೇ, ಸ್ವಲ್ಪ ಅಗಲದ್ದು, ಯಾಕಂದ್ರೆ ಒಣಗಿದಾಗ ಆ ಮಣ್ಣು ಬಹುಪಾಲು ಕಡೆ ಗಟ್ಟಿಯಾಗಿ ಕೂತಿರತ್ತೆ, ಮೇಲೆ ದೂಳು ಮತ್ತೆ ಸಣ್ಣ ಕಲ್ಲು ಅಷ್ಟೆ. ಅದೇ ಬೇರೆ ಕಡೆ ಬರೀ ಐದು ಕಿ.ಮೀ. ಇರಬಹುದು, ಆದ್ರೆ ಹೊಸದಾಗಿ ಸುರಿದ ಚೂಪು ಜಲ್ಲಿ ಆಗಿದ್ರೆ ಆ ಐದೇ ಕಿ.ಮೀ. ನಿಮ್ಮ ರೇಸು ಮುಗಿಸಿಬಿಡತ್ತೆ.

ಸಾಧ್ಯ ಆದ್ರೆ ಒಂದು ಸಲ ಅಲ್ಲಿಗೆ ಹೋಗಿ ಇಳಿದು ನಡೀರಿ, ಸೈಕಲ್ ಮೇಲೆ ಹೋದ್ರೆ ಕಣ್ಣು ಮುಂದಕ್ಕೇ ಇರತ್ತೆ, ಕೆಳಗೆ ಏನಿದೆ ಗೊತ್ತಾಗಲ್ಲ. ಒಂದು ಹಿಡಿ ಕಲ್ಲು ಕೈಗೆ ತಗೊಳ್ಳಿ. ಕಡಲೆಕಾಳಿನ ಗಾತ್ರ, ಅಂಚು ಸವೆದು ದುಂಡಗಿದ್ರೆ ರೋಡ್ ಟೈರೇ ಸಾಕು. ನಿಂಬೆಹಣ್ಣಿನ ಗಾತ್ರ, ಅಂಚು ಕೈಗೆ ಚುಚ್ಚತ್ತೆ ಅಂದ್ರೆ ಅಗಲಾನೂ ಬೇಕು, ಪಕ್ಕದ ಗೋಡೆ ಗಟ್ಟಿ ಇರೋ ಟೈರೂ ಬೇಕು. ತಗಡಿನ ಶೀಟಿನ ಹಾಗೆ ಅಲೆ ಅಲೆ ಎದ್ದಿರೋ ಕಡೆ ಹಿಡಿತಕ್ಕಿಂತ ಕುಲುಕಾಟ ದೊಡ್ಡ ಸಮಸ್ಯೆ. ಮರಳು ಇದ್ರೆ ಅಗಲ ಒಂದೇ ಉಳಿಸೋದು. ಕೆಸರಿದ್ರೆ ಮಾತ್ರ ಬಟನ್ ವಿಷಯ ನಿಜವಾಗಿ ಯೋಚನೆ ಮಾಡಿ. ಇನ್ನೊಂದು, ಮಣ್ಣು ಎಲ್ಲಿ ಬರತ್ತೆ ಅನ್ನೋದು. ಮಣ್ಣು ಏರಿನಲ್ಲಿ ಬಂದ್ರೆ ವೇಗ ಕಮ್ಮಿ, ಕಲ್ಲು ನೋಡ್ಕೊಂಡು ತಪ್ಪಿಸಬಹುದು, ಇಳಿಜಾರಲ್ಲಿ ಬಂದ್ರೆ, ಅದೂ ಗುಂಪಿನ ಮಧ್ಯ ಮುಂದಿನ ಚಕ್ರದ ದೂಳು ಬಿಟ್ಟು ಬೇರೇನೂ ಕಾಣಿಸದೇ ಇರುವಾಗ ಬಂದ್ರೆ, ಎಲ್ಲಾ ಕಲ್ಲಿಗೂ ಬಡಿಸ್ಕೊಂಡೇ ಹೋಗ್ಬೇಕು. ಟೈರು ಆರಿಸುವಾಗ ನಾನು ಲೆಕ್ಕಕ್ಕೆ ಹಿಡಿಯೋದು ಈ ಎರಡನೇ ಥರದ ಜಾಗಾನ.

ಈಗ ಅಗಲ. ತೆಳ್ಳಗಿನ ಟೈರಿಗೆ ಗಟ್ಟಿಯಾಗಿ ಗಾಳಿ ಹೊಡೆದ್ರೆ ಜೋರಾಗಿ ಓಡತ್ತೆ ಅನ್ನೋ ನಂಬಿಕೆ ತುಂಬಾ ವರ್ಷ ಇತ್ತು, ನುಣುಪಾದ ಉಕ್ಕಿನ ಡ್ರಮ್ ಮೇಲೆ ಟೈರು ಉರುಳಿಸಿ ಅಳೆದ್ರೆ ಗಾಳಿ ಜಾಸ್ತಿ ಆದಷ್ಟೂ ಎಳೆತ ಕಮ್ಮಿ ಆಗೋದು ನಿಜಾನೇ. ಆದ್ರೆ ರೋಡು ಡ್ರಮ್ ಅಲ್ಲ. ಒರಟು ನೆಲದ ಮೇಲೆ ಗಟ್ಟಿ ಟೈರು ಕಲ್ಲನ್ನ ನುಂಗಲ್ಲ, ಇಡೀ ಸೈಕಲ್ಲನ್ನೂ ನಿಮ್ಮನ್ನೂ ಮೇಲಕ್ಕೆ ಎತ್ತತ್ತೆ, ಹಾಗೆ ಒಂದೊಂದು ಕಲ್ಲಿಗೂ ಎತ್ತಿ ಇಳಿಸೋ ಶಕ್ತಿ ಬರೋದು ನಿಮ್ಮ ಕಾಲಿಂದಾನೇ, ಮುಂದಕ್ಕೆ ಹೋಗಬೇಕಾದ್ದು ಮೇಲಕ್ಕೂ ಕೆಳಕ್ಕೂ ಹೋಗಿ ಮೈಯಲ್ಲಿ ಕರಗಿ ಹೋಗತ್ತೆ. ಅದಕ್ಕೇ ಗಾಳಿ ಒಂದು ಮಟ್ಟ ದಾಟಿದ ಮೇಲೆ ಜಾಸ್ತಿ ಮಾಡಿದಷ್ಟೂ ನಿಧಾನ, ನೆಲ ಒರಟಾದಷ್ಟೂ ಆ ಮಟ್ಟ ಕೆಳಗೆ ಬರತ್ತೆ. ಹಾಗೆ ನೋಡಿದ್ರೆ ಸೈಕಲ್ಲಿಗೆ ಗಾಳಿ ಟೈರು ಬಂದಿದ್ದೇ ಇದಕ್ಕೆ. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಪೇಟೆಂಟ್ ತಗೊಂಡಿದ್ದು ಮಗನ ಮೂರು ಗಾಲಿ ಸೈಕಲ್ಲಿಗೆ ಅಂತ ಮಾಡಿಕೊಟ್ಟ ಟೈರಿಂದ ಶುರುವಾದ ಕೆಲಸಕ್ಕೆ, ಗಟ್ಟಿ ರಬ್ಬರಿನ ಚಕ್ರ ಒರಟು ನೆಲದಲ್ಲಿ ಕುಲುಕೋದು ತಪ್ಪಲಿ ಅಂತ.

ಅಗಲದ ಟೈರಿಗೆ ಗಾಳಿ ಕಮ್ಮಿ ಹೊಡೆದ್ರೆ ಮೆತ್ತಗಾಗಿ ಹೋಗತ್ತೆ ಅನ್ನೋ ಭಯ ಬೇಡ. ಟೈರಿನ ಮೈಯಲ್ಲಿರೋ ಬಿಗಿ ಅನ್ನೋದು ಗಾಳಿಯ ಒತ್ತಡ ಗುಣಿಸು ಟೈರಿನ ಅಗಲದ ಅರ್ಧ, ಹಾಗಾಗಿ 25 ಎಂಎಂ ಟೈರಿಗೆ 90 ಪಿಎಸ್‌ಐ ಹೊಡೆದಾಗ ಬರೋ ಬಿಗಿ 32 ಎಂಎಂಗೆ ಸುಮಾರು 70ಕ್ಕೇ ಬಂದುಬಿಡತ್ತೆ. ಹೆಬ್ಬೆರಳಲ್ಲಿ ಒತ್ತಿ ನೋಡಿದ್ರೆ ಎರಡೂ ಹೆಚ್ಚುಕಮ್ಮಿ ಒಂದೇ ಥರ ಅನ್ಸತ್ತೆ.

ನನ್ನ ಲೆಕ್ಕ ಹೀಗೆ. ಮಣ್ಣು ಗಟ್ಟಿಯಾಗಿದೆ, ಒಟ್ಟು ರೇಸಲ್ಲಿ ಸ್ವಲ್ಪಾನೇ ಇದೆ ಅಂದ್ರೆ 30 ಎಂಎಂ. ಮೂರನೇ ಒಂದು ಭಾಗ ಮಣ್ಣು ಅಥವಾ ಕಲ್ಲು ಚೂಪು ಅಂದ್ರೆ 32. ಅರ್ಧಕ್ಕಿಂತ ಜಾಸ್ತಿ, ಬಿಡಿ ಕಲ್ಲು, ಮರಳು ಅಂದ್ರೆ 35 ಅಥವಾ ಮೇಲೆ, ಫ್ರೇಮು ಬಿಟ್ರೆ. 28 ಹಾಕಿ ಗೆದ್ದೋರೂ ಇದಾರೆ, ಆದ್ರೆ ತೂಕ ಕಮ್ಮಿ ಇರೋರು, ಹಗುರವಾಗಿ ಓಡಿಸೋರು ಅವರು. ಎರಡರ ಮಧ್ಯ ಯಾವುದು ಅಂತ ಗೊತ್ತಾಗದೇ ಇದ್ರೆ ಅಗಲದ್ದೇ ತಗೊಳ್ಳಿ. ಜಾಸ್ತಿ ತೂಕ ಅಂದ್ರೆ ಒಂದು ಟೈರಿಗೆ ಐವತ್ತೋ ಅರವತ್ತೋ ಗ್ರಾಂ, ಟಾರ್ ಮೇಲೆ ಗಾಳಿಗೆ ಎದುರಾಗಿ ಸ್ವಲ್ಪ ಕಳ್ಕೋತೀರ ಅನ್ನೋದೂ ನಿಜ, ಆದ್ರೆ ಪಂಚರ್ ಆಗಿ ನಿಂತ್ರೆ ಗುಂಪು ಹೋಗೇಬಿಟ್ಟಿರತ್ತೆ.

ಟೈರಿನ ಪಕ್ಕದಲ್ಲಿ 32-622 ಅಂತ ಬರೆದಿರತ್ತೆ, 32 ಅನ್ನೋದು ಅಗಲ, 622 ಅನ್ನೋದು ರಿಮ್ಮಿನಲ್ಲಿ ಟೈರು ಕೂರೋ ಜಾಗದ ವ್ಯಾಸ, ಅಂದ್ರೆ 700ಸಿ ಅನ್ನೋ ಮಾಮೂಲಿ ರೋಡ್ ಸೈಕಲ್ ಚಕ್ರದ ಅಳತೆ. ಈ ಬರೆದಿರೋ ಅಗಲವನ್ನ ಕಣ್ಣು ಮುಚ್ಚಿ ನಂಬಬೇಡಿ. ರಿಮ್ಮಿನ ಒಳಗಿನ ಅಗಲ ಜಾಸ್ತಿ ಆದ್ರೆ ಟೈರು ಹಿಗ್ಗತ್ತೆ, ಒಂದು ಎಂಎಂಗೆ ಹೆಚ್ಚುಕಮ್ಮಿ ಅರ್ಧ ಎಂಎಂ, ಹಾಗಾಗಿ ಹಳೇ 17 ಎಂಎಂ ರಿಮ್ಮಲ್ಲಿ 28 ಇರೋ ಟೈರು 23 ಎಂಎಂ ರಿಮ್ಮಲ್ಲಿ 30 ದಾಟಬಹುದು. ಹಾಕಿ, ಗಾಳಿ ಹೊಡೆದು, ಒಂದು ದಿನ ಬಿಟ್ಟು ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೀರಿ, ಹೊಸ ಟೈರು ಒಂದು ದಿನದಲ್ಲಿ ಇನ್ನೊಂದಿಷ್ಟು ಹಿಗ್ಗತ್ತೆ.

ಆಮೇಲೆ ಫ್ರೇಮಿಗೆ ಹಿಡಿಯತ್ತಾ ನೋಡಿ. 4 ಎಂಎಂ ಅಲೆನ್ ಕೀ ತಗೊಳ್ಳಿ, ಟೈರಿಗೂ ಫ್ರೇಮಿಗೂ ಮಧ್ಯ ತೂರಿಸಿ, ಎರಡು ಪಕ್ಕ, ಮೇಲೆ, ಫೋರ್ಕಿನ ಕೆಳಗೆ, ಹಿಂದೆ ಪೆಡಲ್ ಆಕ್ಸೆಲ್ ಹತ್ತಿರ ಫ್ರೇಮಿನ ಕಡ್ಡಿಗಳು ಸೇರೋ ಕಡೆ, ಎಲ್ಲೂ ಒತ್ತದೇ ಸಲೀಸಾಗಿ ಹೋಗ್ಬೇಕು, ಚಕ್ರ ತಿರುಗಿಸ್ತಾ ನೋಡಿ, ಯಾಕಂದ್ರೆ ಟೈರು ಒಂದು ಕಡೆ ಚೂರು ಸೊಟ್ಟ ಕೂತಿರಬಹುದು. ಇದು ಒಣ ದಿನಕ್ಕೆ, ಕೆಸರು ಬರತ್ತೆ ಅನ್ನಿಸಿದ್ರೆ 6 ಎಂಎಂ ಕೀ ತಗೊಂಡು ನೋಡಿ. ಕಾರ್ಬನ್ ಫ್ರೇಮಿಗೆ ಈ ವಿಷಯದಲ್ಲಿ ಸ್ವಲ್ಪಾನೂ ಸಡಿಲ ಬಿಡಬೇಡಿ. ಟೈರಿಗೆ ಅಂಟಿಕೊಂಡ ಒಂದು ಸಣ್ಣ ಕಲ್ಲು ಸುತ್ತು ಸುತ್ತಿಗೂ ಅದೇ ಜಾಗ ಕೆರೀತಾ ಇದ್ರೆ ಪೇಂಟು ಹೋಗಿ ಒಳಗಿನ ಪದರಕ್ಕೇ ಇಳಿಯತ್ತೆ. ರಿಮ್ ಬ್ರೇಕಿನ ಸೈಕಲ್ ಆದ್ರೆ ಬ್ರೇಕಿನ ಕಮಾನೇ ಅಡ್ಡ ಬರೋದು, ತುಂಬಾ ಸೈಕಲ್ಲಲ್ಲಿ 25 ಇಲ್ಲಾ 28ಕ್ಕೇ ನಿಲ್ಲತ್ತೆ, ಹಾಗಿದ್ದಾಗ ಹಿಡಿಯೋ ಅಷ್ಟರಲ್ಲೇ ದೊಡ್ಡದು ಹಾಕಿ, ಕೇಸಿಂಗು ಗಟ್ಟಿ ಇರೋದು ಆರಿಸಿ, ಓಡಿಸೋದ್ರಲ್ಲಿ ಎಚ್ಚರ ವಹಿಸಿ, ಬೇರೆ ದಾರಿ ಇಲ್ಲ.

ಕೇಸಿಂಗ್ ಬಗ್ಗೆ ಜನ ಕಮ್ಮಿ ಮಾತಾಡ್ತಾರೆ, ನನಗೆ ಟೈರಿನ ಜೀವಾನೇ ಅದು ಅನ್ಸತ್ತೆ. ಅಂಗಡಿಯಲ್ಲಿ ಟೈರನ್ನ ಕೈಗೆ ತಗೊಂಡು ಪಕ್ಕದ ಗೋಡೆಯನ್ನ ಹೆಬ್ಬೆರಳು ತೋರುಬೆರಳ ಮಧ್ಯ ಹಿಡಿದು ಮಡಚಿ ನೋಡಿ. ಒಂದು ಥರದ್ದು ಹತ್ತಿ ಬಟ್ಟೆಯ ಹಾಗೆ ಮಡಚ್ಕೊಳತ್ತೆ, ಇನ್ನೊಂದು ಥರದ್ದು ಹಳೇ ಚಪ್ಪಲಿ ಅಟ್ಟೆಯ ಹಾಗೆ ಬಿರುಸಾಗಿರತ್ತೆ. ಮೆತ್ತಗಿರೋದು ಕಲ್ಲಿನ ಆಕಾರಕ್ಕೆ ಬಾಗತ್ತೆ, ಹಿಡಿತ ಜಾಸ್ತಿ, ಜೋರಾಗಿ ಓಡತ್ತೆ, ಆದ್ರೆ ಚೂಪು ಕಲ್ಲು ಪಕ್ಕಕ್ಕೆ ಸವರಿದ್ರೆ ಹರಿಯತ್ತೆ, ಪಕ್ಕ ಹರಿದ ಟೈರಿಗೆ ರೋಡಲ್ಲಿ ರಿಪೇರಿ ಮಾಡೋದು ಕಷ್ಟ. ಮಧ್ಯದ್ದು ಬೇಕು ನಮಗೆ. ಕಂಪನಿಗಳು ಪಂಚರ್ ತಡೆಯೋ ಪದರವನ್ನ ಕೆಲವು ಟೈರಲ್ಲಿ ನೆಲಕ್ಕೆ ತಾಗೋ ಭಾಗದ ಕೆಳಗೆ ಮಾತ್ರ ಹಾಕ್ತಾರೆ, ಕೆಲವಲ್ಲಿ ಒಂದು ಅಂಚಿಂದ ಇನ್ನೊಂದು ಅಂಚಿನ ತನಕ ಹಾಕ್ತಾರೆ. ಕಲ್ಲು ದುಂಡಗಿದ್ರೆ ಮೊದಲನೇದು, ಚೂಪಿದ್ರೆ ಎರಡನೇದು. ಟಿಪಿಐ ಅಂತ ಒಂದು ಸಂಖ್ಯೆ ಬರೆದಿರ್ತಾರೆ, ಒಂದು ಇಂಚಿಗೆ ಎಷ್ಟು ಎಳೆ ಅಂತ, ಜಾಸ್ತಿ ಇದ್ರೆ ಎಳೆ ಸಣ್ಣ, ಮೈ ಮೆತ್ತಗೆ. ಆದ್ರೆ ಕೆಲವರು ಮೂರು ಪದರದ ಎಳೆಗಳನ್ನೂ ಕೂಡಿಸಿ 330 ಅಂತಾರೆ, ಒಂದೊಂದು ಪದರ 110 ಅಷ್ಟೆ, ಹಾಗಾಗಿ ಎರಡು ಕಂಪನಿ ಸಂಖ್ಯೆನ ಅಕ್ಕಪಕ್ಕ ಇಟ್ಟು ಹೋಲಿಸೋದು ದಂಡ. ಬೆರಳಲ್ಲಿ ಮಡಚಿ ನೋಡೋದೇ ನನಗೆ ಜಾಸ್ತಿ ಹೇಳತ್ತೆ.

ಬಟನ್ ವಿಷಯ ಬೇಗ ಮುಗಿಸ್ತೀನಿ. ಟಾರ್ ಮೇಲೆ, ಒದ್ದೆ ಟಾರ್ ಮೇಲೂ, ಡಿಸೈನಿಂದ ಏನೂ ಲಾಭ ಇಲ್ಲ, ಸೈಕಲ್ ಟೈರು ಕಿರಿದು, ಗಾಳಿ ಜಾಸ್ತಿ, ನಮ್ಮ ವೇಗಕ್ಕೆ ಕಾರಿನ ಹಾಗೆ ನೀರಿನ ಮೇಲೆ ತೇಲೋದೇ ಇಲ್ಲ, ಹಿಡಿತ ಕೊಡೋದು ರಬ್ಬರ್ರು. ಗಟ್ಟಿ ಮಣ್ಣಿನ ಮೇಲೂ ಬಟನ್ನು ಕಚ್ಚಕ್ಕೆ ಏನೂ ಸಿಗಲ್ಲ. ಬಟನ್ನು ಕೆಲಸ ಮಾಡೋದು ನೆಲ ಅದಕ್ಕಿಂತ ಮೆತ್ತಗಿದ್ದಾಗ ಮಾತ್ರ, ಅಂದ್ರೆ ಕೆಸರು, ಹುಲ್ಲು, ಸಡಿಲ ಮಣ್ಣು. ಟಾರ್ ಮೇಲೆ ಅದೇ ಬಟನ್ನು ತಿರುವಿನಲ್ಲಿ ಬಾಗಿದಾಗ ವಾಲಾಡತ್ತೆ, ನೇರದಲ್ಲಿ ಗುಂಯ್ ಅಂತ ಕಾಲಿನ ಶಕ್ತಿ ತಿನ್ನತ್ತೆ. ಮಧ್ಯ ನುಣುಪು ಅಥವಾ ಅರದ ಹಲ್ಲಿನಂಥ ಸಣ್ಣ ಗೀರು, ಅಂಚಲ್ಲಿ ಚಿಕ್ಕ ಬಟನ್ನು ಇರೋ ಟೈರು ಬಿಡಿ ಕಲ್ಲಿನ ತಿರುವು ಜಾಸ್ತಿ ಇರೋ ರೇಸಿಗೆ ಒಳ್ಳೇ ರಾಜಿ. ಮಿಕ್ಕಿದ್ದಕ್ಕೆಲ್ಲಾ ನಾನು ನುಣುಪು ಟೈರೇ ಹಾಕ್ತೀನಿ.

ಹುಡುಕೋರಿಗೆ ಶುರು ಮಾಡಕ್ಕೆ ಕೆಲವು ಹೆಸರು. ಟಾರ್ ಜಾಸ್ತಿ ಇದ್ರೆ ಕಾಂಟಿನೆಂಟಲ್ ಜಿಪಿ 5000 ಆಲ್ ಸೀಸನ್ ಟಿಆರ್, ಮಣ್ಣು ಸ್ವಲ್ಪ ಜಾಸ್ತಿ ಆದ್ರೆ ಪ್ಯಾನರೇಸರ್ ಗ್ರಾವೆಲ್‌ಕಿಂಗ್‌ನ ನುಣುಪು ಮಾದರಿ, ಮೆತ್ತನೆ ಕೇಸಿಂಗಿನ ಓಟ ಇಷ್ಟ ಆಗೋರಿಗೆ ಚಾಲೆಂಜ್ ಸ್ಟ್ರಾಡಾ ಬಿಯಾಂಕಾ. ಮಾಡೆಲ್‌ಗಳು ವರ್ಷ ವರ್ಷ ಬದಲಾಗ್ತಾ ಇರತ್ತೆ, ಮೇಲೆ ಹೇಳಿದ ಥರ ಪರೀಕ್ಷೆ ಮಾಡಿ ನೋಡಿದ್ರೆ ಬೇರೆ ಹೆಸರಿನದೂ ಆಗತ್ತೆ.

ಟ್ಯೂಬಾ ಟ್ಯೂಬ್‌ಲೆಸ್ಸಾ? ಇಂಥ ರೇಸಿಗೆ ಟ್ಯೂಬ್‌ಲೆಸ್ಸೇ, ನನಗೆ ಇದರಲ್ಲಿ ಅನುಮಾನ ಇಲ್ಲ. ಜಜ್ಜಿ ಹೋಗಕ್ಕೆ ಟ್ಯೂಬೇ ಇಲ್ಲ, ಸಣ್ಣ ತೂತನ್ನ ಒಳಗಿರೋ ಸೀಲಂಟ್ ಅನ್ನೋ ದ್ರವ ತಾನೇ ಮುಚ್ಚತ್ತೆ, ಗಾಳಿ ಐದಾರು ಪಿಎಸ್‌ಐ ಕಮ್ಮಿ ಇಟ್ಟು ಓಡಿಸಬಹುದು. ಆದ್ರೆ ರಿಮ್ಮೂ ಟೈರೂ ಎರಡೂ ಟ್ಯೂಬ್‌ಲೆಸ್‌ಗೆ ಅಂತಾನೇ ಮಾಡಿರ್ಬೇಕು, ರಿಮ್ಮಿನ ಟೇಪು ಒಂದೂ ಸುಕ್ಕಿಲ್ಲದೇ ಅಂಚಿಂದ ಅಂಚಿಗೆ ಕೂತಿರ್ಬೇಕು. ರಿಮ್ಮು ಹುಕ್‌ಲೆಸ್ ಆಗಿದ್ರೆ, ಅಂದ್ರೆ ಟೈರಿನ ಅಂಚು ಹಿಡಿಯೋ ಕೊಕ್ಕೆ ಇಲ್ಲದ ನೇರ ಗೋಡೆಯದಾದ್ರೆ, ಟ್ಯೂಬ್‌ಲೆಸ್ ಟೈರು ಬಿಟ್ಟು ಬೇರೆ ಹಾಕಲೇಬೇಡಿ, 5 ಬಾರ್ ಅಂದ್ರೆ 72.5 ಪಿಎಸ್‌ಐ ಯಾವ ಕಾರಣಕ್ಕೂ ದಾಟಬೇಡಿ, ರಿಮ್ ಕಂಪನಿಯ ಪಟ್ಟಿಯಲ್ಲಿ ಆ ಟೈರು ಆ ಅಗಲದಲ್ಲಿ ಇದೆಯಾ ನೋಡಿ. ಇದು ರುಚಿ ಅಭಿರುಚಿಯ ಪ್ರಶ್ನೆ ಅಲ್ಲ, ಇಳಿಜಾರಲ್ಲಿ ಟೈರು ರಿಮ್ಮಿಂದ ಕಿತ್ಕೊಂಡು ಬಂದ್ರೆ ಮುಖ ನೆಲಕ್ಕೆ. ಟ್ಯೂಬೇ ಹಾಕೋದಾದ್ರೆ ಮಾಮೂಲಿ ಬ್ಯುಟೈಲ್ ಸುಮಾರು 100 ಗ್ರಾಂ, ಟಿಪಿಯು ಅನ್ನೋ ಪ್ಲಾಸ್ಟಿಕ್ಕಿನ ಟ್ಯೂಬು ಅದರ ಅರ್ಧಕ್ಕಿಂತ ಕಮ್ಮಿ, ಲ್ಯಾಟೆಕ್ಸ್ ಮೆತ್ತಗೆ ಚೆನ್ನಾಗಿ ಓಡತ್ತೆ ಆದ್ರೆ ರಾತ್ರಿ ಹೊಡೆದ ಗಾಳಿ ಬೆಳಿಗ್ಗೆಗೆ ಇಳಿದಿರತ್ತೆ, ಮರೀಬೇಡಿ.

ಗಾಳಿ ಎಷ್ಟು ಅನ್ನೋದಕ್ಕೆ ಬರೋಣ, ಒಳ್ಳೇ ಟೈರು ಹಾಕಿದೋರೂ ಎಡವೋದು ಇಲ್ಲೇ. ಸವಾರ, ಸೈಕಲ್ಲು, ನೀರಿನ ಬಾಟ್ಲಿ ಎಲ್ಲಾ ಸೇರಿ 80 ಕೆ.ಜಿ., ಟ್ಯೂಬ್‌ಲೆಸ್, ಟಾರೂ ಮಣ್ಣೂ ಮಿಶ್ರ ಅಂತ ಇಟ್ಕೊಂಡ್ರೆ ನಾನು ಶುರು ಮಾಡೋದು 28 ಎಂಎಂಗೆ 65 ಪಿಎಸ್‌ಐ ಆಸುಪಾಸು, 30ಕ್ಕೆ 58, 32ಕ್ಕೆ 52, 35ಕ್ಕೆ 44. ಇದು ಹಿಂದಿನ ಚಕ್ರಕ್ಕೆ, ಮುಂದೆ ಭಾರ ಕಮ್ಮಿ ಬೀಳೋದ್ರಿಂದ ಎರಡು ಮೂರು ಪಿಎಸ್‌ಐ ಕಮ್ಮಿ. ಹತ್ತು ಕೆ.ಜಿ. ಜಾಸ್ತಿ ಇದ್ರೆ ಸುಮಾರು ಐದು ಏರಿಸಿ, ಕಮ್ಮಿ ಇದ್ರೆ ಇಳಿಸಿ. ಟೈರಿನ ಮೇಲೆ ಬರೆದಿರೋ ದೊಡ್ಡ ಸಂಖ್ಯೆ ಮೀರಬಾರದ ಮಿತಿ, ಅಷ್ಟು ಹೊಡೀರಿ ಅಂತ ಹೇಳಿದ್ದಲ್ಲ.

ಈ ಸಂಖ್ಯೆಗಳು ಶುರುವಿಗೆ ಮಾತ್ರ, ನಿಮ್ಮದನ್ನ ನೀವೇ ಹುಡುಕ್ಕೋಬೇಕು. ರೇಸಿನ ಮಣ್ಣಿನ ಥರದ್ದೇ ಒಂದು ಕಿಲೋಮೀಟರ್ ರೋಡು ಹುಡುಕಿ, ಒಂದು ತಿರುವು ಒಂದು ಸಣ್ಣ ಇಳಿಜಾರು ಇರಲಿ, ಟೈರು ರಿಮ್ಮಿನ ಮಿತಿ ಮೀರದ ಹಾಗೆ ಹೇಳಿದ್ದಕ್ಕಿಂತ ಹತ್ತು ಜಾಸ್ತಿ ಹೊಡೆದು ಒಂದು ಸಲ ಹೋಗಿ, ಮೂರು ಮೂರು ಇಳಿಸ್ತಾ ಅದೇ ದಾರೀಲಿ ಅದೇ ಶ್ರಮ ಹಾಕಿ ಮತ್ತೆ ಮತ್ತೆ ಹೋಗಿ. ಶುರುವಲ್ಲಿ ಹ್ಯಾಂಡಲ್ ಕೈಯಲ್ಲಿ ಗಡಗಡ ಅಂತಿರತ್ತೆ, ಇಳಿಸ್ತಾ ಇಳಿಸ್ತಾ ಒಂದು ಕಡೆ ಬಂದು ಸೈಕಲ್ಲು ಸುಮ್ಮನಾಗತ್ತೆ, ಚಕ್ರ ನೆಲ ಬಿಡದೇ ಉರುಳ್ತಾ ಇರೋದು ಕಾಲಿಗೇ ಗೊತ್ತಾಗತ್ತೆ. ಇನ್ನೂ ಇಳಿಸಿದ್ರೆ ತಿರುವಿನಲ್ಲಿ ಹಿಂದಿನ ಟೈರು ಪಕ್ಕಕ್ಕೆ ವಾಲಿದ ಹಾಗೆ ಅನ್ಸತ್ತೆ, ಅಥವಾ ಕಲ್ಲಿಗೆ ಟಣ್ ಅಂತ ರಿಮ್ ಸದ್ದು ಕೇಳತ್ತೆ. ಆ ಸದ್ದು ಬಂದ ಜಾಗದಿಂದ ನಾಲ್ಕೈದು ಪಿಎಸ್‌ಐ ಮೇಲೆ ನಿಲ್ಲಿಸಿ, ಬರೆದಿಟ್ಕೊಳ್ಳಿ. ಅಭ್ಯಾಸದಲ್ಲಿ ಕಲ್ಲು ತಪ್ಪಿಸ್ತೀರ, ರೇಸಲ್ಲಿ ಗುಂಪಿನ ಮಧ್ಯ ತಪ್ಪಿಸಕ್ಕಾಗಲ್ಲ, ಆ ನಾಲ್ಕೈದು ಅದಕ್ಕೆ.

ಪಂಪಿನ ಗೇಜುಗಳು ಒಂದಕ್ಕೊಂದು ಹೊಂದಲ್ಲ, ಒಂದೇ ಟೈರಿಗೆ ಒಂದು 50 ಅಂದ್ರೆ ಇನ್ನೊಂದು 56 ಅನ್ನತ್ತೆ. ಹಾಗಾಗಿ ಅಭ್ಯಾಸಕ್ಕೆ ಬಳಸಿದ ಪಂಪನ್ನೇ ರೇಸಿಗೂ ತಗೊಂಡು ಹೋಗಿ, ಇಲ್ಲಾ ಒಂದು ಚಿಕ್ಕ ಡಿಜಿಟಲ್ ಗೇಜು ಜೇಬಲ್ಲಿರಲಿ. ಬೆಳಿಗ್ಗೆ ತಣ್ಣಗಿದ್ದಾಗ ಹೊಡೆದು ಮಧ್ಯಾಹ್ನ ಬಿಸಿಲಲ್ಲಿ ಓಡಿಸೋದಾದ್ರೆ ಹತ್ತು ಡಿಗ್ರಿ ಏರಿದ್ದಕ್ಕೆ ಎರಡು ಪಿಎಸ್‌ಐಗಿಂತ ಜಾಸ್ತಿ ಏರತ್ತೆ, ಅದನ್ನ ಲೆಕ್ಕಕ್ಕೆ ಹಿಡೀರಿ.

ರೇಸಿನ ಹಿಂದಿನ ದಿನ ಹೊಸ ಟೈರು ಹಾಕಬೇಡಿ. ಎರಡು ವಾರ ಮುಂಚೆ ಹಾಕಿ, ನೂರು ಕಿ.ಮೀ. ಆದ್ರೂ ಓಡಿಸಿ, ಮೇಲಿನ ನುಣುಪು ಹೋಗಿ ಹಿಡಿತ ಬರತ್ತೆ, ಟ್ಯೂಬ್‌ಲೆಸ್ ಎಲ್ಲಾದ್ರೂ ಸೋರ್ತಿದ್ರೆ ಗೊತ್ತಾಗತ್ತೆ. ಸೀಲಂಟ್ ತಿಂಗಳುಗಳಲ್ಲಿ ಒಣಗಿ ಹೋಗೋ ವಸ್ತು, ರೇಸಿನ ವಾರ ವಾಲ್ವ್ ಬಿಚ್ಚಿ ತೆಳ್ಳನೆ ಕಡ್ಡಿ ಇಳಿಸಿ ನೋಡಿ, ಕಡ್ಡಿ ಒಣಗಿ ಬಂದ್ರೆ 30ರಿಂದ 40 ಎಂಎಲ್ ಹಾಕಿ. ಜೊತೆಗೆ ಒಯ್ಯೋದು ತೂತಿಗೆ ತುರುಕೋ ಪ್ಲಗ್ಗು, ಒಂದು ಟ್ಯೂಬು, ಟೈರು ಬಿಚ್ಚೋ ಲಿವರು, ಗಾಳಿ ಹೊಡಿಯಕ್ಕೆ ಸಿಒ2 ಕಾರ್ಟ್ರಿಜ್ ಎರಡು ಅಥವಾ ಮಿನಿ ಪಂಪು, ಪಕ್ಕ ಹರಿದ್ರೆ ಒಳಗಿಂದ ಇಡಕ್ಕೆ ಹಳೇ ಟೈರಿಂದ ಕತ್ತರಿಸಿದ ಬೆರಳಗಲದ ತುಂಡು. ಪ್ಲಗ್ ತುರುಕೋದನ್ನ ಮನೇಲಿ ಒಂದು ಹಳೇ ಟೈರಿಗೆ ಮೊಳೆ ಹೊಡೆದು ಎರಡು ಮೂರು ಸಲ ಮಾಡಿ ನೋಡಿ. ತೂತು ಕಂಡಾಗ ಅದನ್ನ ಕೆಳಗೆ ತಿರುಗಿಸಿ ಮೊದಲು ಸೀಲಂಟ್‌ಗೆ ಒಂದು ಹತ್ತು ಸೆಕೆಂಡ್ ಅವಕಾಶ ಕೊಡಿ, ನಿಲ್ಲಲಿಲ್ಲ ಅಂದ್ರೆ ಪೂರ್ತಿ ಗಾಳಿ ಹೋಗೋ ಮುಂಚೆ ಪ್ಲಗ್ ಹಾಕಿ, ಒಳಗೆ ಸ್ವಲ್ಪ ಗಾಳಿ ಉಳಿದಿದ್ರೆ ಟೈರು ಬಿಗಿಯಾಗಿದ್ದು ಪ್ಲಗ್ ಸಲೀಸಾಗಿ ಇಳಿಯತ್ತೆ.